ಮಾಲ್ಡೀವ್ಸ್‌ನಲ್ಲಿ ಟೀಚರ್ ಆಗಿದ್ದೇನೆ, ಭಾನುವಾರ ಬಂದರೆ ಮನೆ ತುಂಬಾ ನೆನಪಾಗುತ್ತದೆ

ಗಣಿತ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಾಲ್ಡೀವ್ಸ್‌ನ ಲಾಮು ಅಟಾಲ್‌ನಲ್ಲಿ, ಅಂದರೆ ಹವಳದ ದ್ವೀಪಗಳ ಒಂದು ಗುಂಪಿನಲ್ಲಿ, ಒಂದು ಚಿಕ್ಕ ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ವರ್ಷ ಬಂದವಳು. ಹೊರದೇಶದಲ್ಲಿ ಪಾಠ ಮಾಡುವವರು, ಮಾಡಿ ಬಂದವರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸದಲ್ಲಿ ತೊಂದರೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಠ ನಡೆಯುವುದು ಇಂಗ್ಲಿಷ್‌ನಲ್ಲೇ, ಹಾಗಾಗಿ ತರಗತಿಯಲ್ಲಿ ಭಾಷೆಯ ಕಷ್ಟ ಇಲ್ಲ. ಮಕ್ಕಳು ಒಳ್ಳೆಯವರು. ಏಳನೇ ತರಗತಿಯವರು ಭಿನ್ನರಾಶಿ ಅಂದರೆ ಬೆಂಚಿನ ಕೆಳಗೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಈಗ ಚಾಕ್‌ಪೀಸಿಗೆ ಜಗಳ ಆಡುತ್ತಾರೆ. ಸ್ಟಾಫ್‌ರೂಮಿನಲ್ಲಿ ಕೇರಳದವರು, ತಮಿಳುನಾಡಿನವರು ಇದ್ದಾರೆ, ಚೆನ್ನಾಗಿ ಮಾತಾಡಿಸುತ್ತಾರೆ. ಕನ್ನಡದವಳು ನಾನೊಬ್ಬಳೇ.

ಕಷ್ಟ ಇರುವುದು ಭಾನುವಾರ. ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ನಾನು ಸೀರೆಗೆ ಪಿನ್ ಹಾಕಿಕೊಂಡು ಅಸೆಂಬ್ಲಿಯಲ್ಲಿ ನಿಂತಿರುತ್ತೇನೆ. ಮನೆಯಲ್ಲಿ ಅವತ್ತೇ ಎಲ್ಲರೂ ಸೇರುವ ದಿನ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು. ಎರಡನೇ ಪೀರಿಯಡ್ ಮುಗಿಸಿ ಬಂದು ಫೋನ್ ತೆಗೆದರೆ ಫೋಟೋ ಮೇಲೆ ಫೋಟೋ. ಮಗು ಅಪ್ಪನ ಬೆನ್ನೇರಿ ಕೂತಿದೆ. ಅಣ್ಣ ಇನ್ನೂ ಹಾಸಿಗೆಯಲ್ಲೇ ಇದ್ದಾನೆ. ನೋಡಿದ ಕೂಡಲೇ ಗಂಟಲು ಕಟ್ಟುತ್ತದೆ, ಆಮೇಲೆ ಮೂರನೇ ಪೀರಿಯಡ್ ಬೆಲ್. ನನಗೆ ರಜೆ ಇರುವ ಶುಕ್ರವಾರ ಫೋನ್ ಮಾಡಿದರೆ ಅಣ್ಣ ಆಫೀಸಿಗೆ, ಮಗು ಶಾಲೆಗೆ ಹೊರಡುವ ಗಡಿಬಿಡಿ. ಅಮ್ಮ "ಆಮೇಲೆ ಮಾಡ್ತೀನಿ ಕಣೇ" ಅಂತ ಇಟ್ಟುಬಿಡುತ್ತಾಳೆ.

ಸಮಯದ ವ್ಯತ್ಯಾಸ ಬರೀ ಅರ್ಧ ಗಂಟೆ. ಅದು ಒಳ್ಳೆಯದಲ್ವಾ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದೇ ಜಾಸ್ತಿ ಹಿಂಸೆ. ಅವರ ದಿನವೂ ನನ್ನ ದಿನವೂ ಒಟ್ಟೊಟ್ಟಿಗೇ ಸಾಗುತ್ತವೆ. ಈಗ ಅಪ್ಪ ಪೇಪರ್ ಹಿಡಿದಿರುತ್ತಾರೆ, ಈಗ ಮಗು ಬಂದಿರುತ್ತೆ ಅಂತ ಗಂಟೆ ಗಂಟೆಗೂ ಗೊತ್ತಾಗುತ್ತಿರುತ್ತದೆ.

ಸಂಜೆ ಇನ್ನೊಂದು ಕಷ್ಟ. ದ್ವೀಪವನ್ನು ಪೂರ್ತಿ ಸುತ್ತಲು ಅರ್ಧ ಗಂಟೆ ಸಾಕು. ಮೊದಮೊದಲು ಸಮುದ್ರ ನೋಡಿದಷ್ಟೂ ಸಾಕಾಗುತ್ತಿರಲಿಲ್ಲ. ಈಗ ಯಾವ ಕಡೆ ನಡೆದರೂ ಅದೇ ಅಡ್ಡ ಬರುತ್ತದೆ. ಬೆಟ್ಟ ಇಲ್ಲ, ಹೊಳೆ ಇಲ್ಲ, ಬಸ್ಸಿನ ಹಾರ್ನ್ ಇಲ್ಲ. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರ ಇರುವುದರಿಂದ ವರ್ಷವಿಡೀ ಸೂರ್ಯ ಆರು ಗಂಟೆಯ ಆಸುಪಾಸಿಗೇ ಮುಳುಗುತ್ತಾನೆ. ಹಗಲು ಉದ್ದವಾಯಿತು, ಚಳಿ ಶುರುವಾಯಿತು ಅನ್ನುವ ಗುರುತೇ ಇಲ್ಲದೆ ಒಂದು ತಿಂಗಳಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಹೋದ ತಿಂಗಳು ಜ್ವರ ಬಂತು. ಇಲ್ಲಿನ ಹೆಲ್ತ್ ಸೆಂಟರ್‌ನಲ್ಲಿ ನೋಡಿ, ಡೆಂಗ್ಯೂ ಇದ್ದರೂ ಇರಬಹುದು, ಗನ್ ದ್ವೀಪದ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಅವತ್ತು ಗಾಳಿ ಜೋರಾಗಿ ಬೋಟ್ ಹೊರಡಲಿಲ್ಲ. ಮಾರನೇ ದಿನ ಹೋದೆ, ಡೆಂಗ್ಯೂ ಅಲ್ಲ ಅಂತ ಗೊತ್ತಾಯಿತು. ಆದರೆ ಆ ಒಂದು ರಾತ್ರಿ ಕಳೆದದ್ದು ನನಗೇ ಗೊತ್ತು. ಅಮ್ಮನಿಗೆ ಹೇಳಲಿಲ್ಲ. ದನಿ ಯಾಕೆ ಹೀಗಿದೆ ಅಂದಳು, ನಿದ್ದೆಗಣ್ಣಲ್ಲಿದ್ದೀನಿ ಅಂದೆ.

ಒಪ್ಪಂದ ಇನ್ನೂ ಬಾಕಿ ಇದೆ. ಮನೆಯ ಸಾಲಕ್ಕೆ ನನ್ನ ಸಂಬಳವೂ ಸೇರುತ್ತದೆ, ಹಾಗಾಗಿ ಥಟ್ಟನೆ ಬಿಟ್ಟು ಬರುವ ಹಾಗಿಲ್ಲ. ಹಾಗಂತ ಸಂಬಳಕ್ಕಾಗಿ ಮಾತ್ರ ಇದ್ದೀನಿ ಅಂತಲೂ ಅಲ್ಲ. ಈ ಮಕ್ಕಳನ್ನು ಹತ್ತನೇ ತರಗತಿ ದಾಟಿಸಿ ಬರಬೇಕು ಅಂತ ಆಸೆ ಇದೆ. ಈ ಸಂಕಟ ದಿನ ಕಳೆದ ಹಾಗೆ ಕಡಿಮೆ ಆಗುತ್ತಾ? ಇಲ್ಲ ಹೀಗೇ ಇರುತ್ತಾ? ನೀವು ಏನು ಮಾಡಿದಿರಿ? ಸುಮ್ನೆ ಧೈರ್ಯ ತಗೋ ಅಂತ ಮಾತ್ರ ಹೇಳಬೇಡಿ ದಯವಿಟ್ಟು, ಅದನ್ನು ನನಗೆ ನಾನೇ ದಿನಾ ಹೇಳಿಕೊಳ್ಳುತ್ತಿದ್ದೇನೆ.

ಅಡ್ಡು_ಸರ್:

ನಮಸ್ತೆ ಟೀಚರ್. ನಾನು ಅಲ್ಲೇ ಅಡ್ಡು ಅಟಾಲ್‌ನ ಹಿತಧೂ ದ್ವೀಪದಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೆ, ಈಗ ವಾಪಸ್ ಬಂದಿದ್ದೇನೆ. ನನಗೆ ಗೊತ್ತಿರುವುದು ಒಂದೇ ವಿಷಯ: ದ್ವೀಪದ ಅಳತೆ ಮನಸ್ಸಿನ ಮೇಲೆ ಕೂರುತ್ತದೆ. ಅಡ್ಡುವಿನಲ್ಲಿ ನಾಲ್ಕಾರು ದ್ವೀಪಗಳಿಗೆ ಸೇರಿಸಿ ರಸ್ತೆ ಇದೆ. ಸಂಜೆ ಸೈಕಲ್ ಹತ್ತಿ ಹೋದರೆ ಎಲ್ಲಿಗೋ ಹೋಗಿ ಬಂದ ಹಾಗೆ ಆಗುತ್ತಿತ್ತು. ಚಿಕ್ಕ ದ್ವೀಪದಲ್ಲಿದ್ದ ನನ್ನ ಗೆಳೆಯನಿಗೆ ಆ ಭಾಗ್ಯ ಇರಲಿಲ್ಲ, ಅವನು ನಿಮ್ಮ ಹಾಗೇ ಒದ್ದಾಡುತ್ತಿದ್ದ.

ನಿಮ್ಮ ಅಟಾಲ್‌ನಲ್ಲೂ ಅಂಥದ್ದು ಇದೆ. ಗನ್, ಮಾಂಧೂ, ಕದ್ಧೂ, ಫೊನಧೂ ನಾಲ್ಕೂ ರಸ್ತೆಯಲ್ಲಿ ಸೇರಿವೆ. ತಿಂಗಳಿಗೆ ಒಂದು ಸಲವಾದರೂ ಶನಿವಾರ ಅಲ್ಲಿಗೆ ಹೋಗಿ, ಬಾಡಿಗೆಗೋ ಕೇಳಿಯೋ ಒಂದು ಸೈಕಲ್ ತಗೊಳ್ಳಿ, ಉದ್ದಕ್ಕೆ ಓಡಿಸಿ. ಕದ್ಧೂನಲ್ಲಿ ವಿಮಾನ ಇಳಿಯುವುದನ್ನು ನೋಡಿದರೂ ಮನೆಗೆ ದಾರಿ ಇದೆ ಅನಿಸುತ್ತದೆ. ಹೊರಡುವ ಮೊದಲು ಫೆರಿ ವೇಳೆ ವಿಚಾರಿಸಿ. ನನ್ನ ಕಾಲದಲ್ಲಿ ಶುಕ್ರವಾರ ಫೆರಿ ಇರುತ್ತಿರಲಿಲ್ಲ.

ಮುಂದಿನ ಒಪ್ಪಂದದ ಮಾತು ಬಂದಾಗ ದೊಡ್ಡ ದ್ವೀಪ ಕೇಳಿ. ಕೇಳಿದರೆ ತಪ್ಪೇನಿಲ್ಲ.

ಹಳೇ_ಮಿಸ್:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು 2006ರಲ್ಲಿ ಅಲ್ಲಿಗೆ ಹೋದವಳು, ಇಂಗ್ಲಿಷ್ ಟೀಚರ್. ಬೇರೆ ಬೇರೆ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದೆ. ಆಗ ಮನೆಗೆ ಮಾತಾಡಬೇಕು ಅಂದರೆ ಕಾರ್ಡ್ ಕೊಂಡು ಫೋನಿನ ಮುಂದೆ ನಿಲ್ಲಬೇಕಿತ್ತು. ಕಾರ್ಡ್ ಮುಗಿದರೆ ಮಾತೂ ಮುಗಿಯಿತು. ನಿಮ್ಮ ಕಾಲದ ಕಷ್ಟ ಬೇರೆ ಥರ. ನಮಗೆ ಮನೆ ಕಾಣಿಸುತ್ತಿರಲಿಲ್ಲ, ನಿಮಗೆ ಇಡೀ ದಿನ ಕಾಣಿಸುತ್ತದೆ. ಯಾವುದು ಜಾಸ್ತಿ ಕಷ್ಟ ಅಂತ ನನ್ನನ್ನು ಕೇಳಿದರೆ, ನಿಮ್ಮದೇ ಅನ್ನುತ್ತೇನೆ.

ಮೊದಲು ಶುಕ್ರವಾರದ ವಿಷಯ. ನೀವು ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ? ಬೆಳಿಗ್ಗೆ ಎಂಟರ ಹೊತ್ತಿಗೆ ಮಾಡಿದರೆ ಯಾವ ಅಮ್ಮನೂ ಗಡಿಬಿಡಿಯಲ್ಲೇ ಇರುತ್ತಾಳೆ. ಹನ್ನೆರಡಕ್ಕೆ ಮಾಡಿ ನೋಡಿ. ಅಣ್ಣ, ಅತ್ತಿಗೆ, ಮಗು ಎಲ್ಲರೂ ಹೊರಗೆ ಹೋಗಿರುತ್ತಾರೆ, ಮನೆಯಲ್ಲಿ ಅಮ್ಮ ಒಬ್ಬಳೇ. ನಿಮ್ಮ ದ್ವೀಪದಲ್ಲೂ ಆಗ ಶುಕ್ರವಾರದ ನಮಾಜಿಗೆ ಅಂಗಡಿಗಳೆಲ್ಲ ಮುಚ್ಚಿ, ರಸ್ತೆ ಖಾಲಿಯಾಗಿರುತ್ತದೆ. ನಿಮಗೂ ಬೇರೆ ಕೆಲಸ ಇಲ್ಲ, ಅವಳಿಗೂ ಇಲ್ಲ. ಭಾನುವಾರ ಎಲ್ಲರೂ ಸೇರಿದಾಗ ಫೋನ್ ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತದೆ, ಯಾರ ಜೊತೆಗೂ ಸರಿಯಾಗಿ ಮಾತಾಡಿದ ಹಾಗೆ ಆಗುವುದಿಲ್ಲ. ಅಮ್ಮನ ಒಂದು ಗಂಟೆ ಪೂರ್ತಿ ನಿಮಗೇ ಸಿಗುವುದು ಶುಕ್ರವಾರ ಮಾತ್ರ.

ಭಾನುವಾರದ ಫೋಟೋಗಳ ಬಗ್ಗೆ ಮನೆಯವರಿಗೆ ನೇರವಾಗಿ ಹೇಳಿ. "ಶಾಲೆ ಮುಗಿಯುವವರೆಗೆ ಕಳಿಸಬೇಡಿ, ಸಂಜೆ ಒಟ್ಟಿಗೆ ಕಳಿಸಿ, ಆರಾಮಾಗಿ ಕೂತು ನೋಡ್ತೀನಿ" ಅಂತ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮ್ಮ ಗಂಟಲು ಕಟ್ಟುವುದು ಅವರಿಗೆ ಗೊತ್ತಿಲ್ಲ ಅಷ್ಟೇ. ನಿಮ್ಮನ್ನು ಜೊತೆಗಿಟ್ಟುಕೊಳ್ಳಬೇಕು ಅಂತಲೇ ಕಳಿಸುತ್ತಿದ್ದಾರೆ ಪಾಪ.

ಇನ್ನು ಜ್ವರ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಅಕ್ಕ ಅಂದುಕೊಂಡು ಕೇಳಿ. ಮುಚ್ಚಿಡಬೇಡಿ. ದನಿ ಕೇಳಿಯೇ ಅಮ್ಮನಿಗೆ ಗೊತ್ತಾಗಿದೆ, ಏನು ಅಂತ ಗೊತ್ತಾಗದೆ ಅವಳೂ ಆ ರಾತ್ರಿ ಮಲಗಿರುವುದಿಲ್ಲ. ಆಸ್ಪತ್ರೆಗೆ ಹೋಗುತ್ತಿದ್ದೇನೆ, ಜೊತೆಗೆ ಇಂಥವರು ಬರುತ್ತಿದ್ದಾರೆ ಅಂತ ಹೇಳಿ. ಹಾಗೆ ಹೇಳಬೇಕಾದರೆ ಜೊತೆಗೆ ಬರುವವರು ಒಬ್ಬರು ಬೇಕಲ್ವಾ? ಅದೇ ನಾನು ಹೇಳಬೇಕಾದ ಮುಖ್ಯ ವಿಷಯ. ಸ್ಟಾಫ್‌ರೂಮಿನ ಗೆಳತಿಯರಲ್ಲದೆ ಆ ದ್ವೀಪದವರೇ ಒಬ್ಬರು ನಿಮಗೆ ಬೇಕು. ನಿಮ್ಮ ಮನೆಯವರ ನಂಬರ್, ರಕ್ತದ ಗುಂಪು, ಪಾಸ್‌ಪೋರ್ಟ್‌ನ ಪ್ರತಿ ಅವರ ಹತ್ತಿರ ಇರಬೇಕು. ಬೋಟ್ ಹೊರಡದಿದ್ದರೆ ಬಂದರಿಗೆ ಹೋಗಿ ಕ್ಯಾಪ್ಟನ್ ಹತ್ತಿರ ಮಾತಾಡುವವರೂ ಅವರೇ. ನಮ್ಮ ಮಾತಿಗೂ ಅವರ ಮಾತಿಗೂ ಅಲ್ಲಿ ತೂಕದಲ್ಲಿ ವ್ಯತ್ಯಾಸ ಇದೆ.

ಅಂಥವರು ಸಿಗುವುದು ಹೇಗೆ ಅಂತ ಕೇಳುತ್ತೀರಿ. ನನಗೆ ಸಿಕ್ಕಿದ್ದು ಒಬ್ಬ ಹುಡುಗಿಯಿಂದ. ಆರನೇ ತರಗತಿಯವಳು. ಮಳೆ ಬಂದು ಆಟದ ಪೀರಿಯಡ್ ನಿಂತುಹೋಗಿತ್ತು. ನನಗೆ ನಿಮ್ಮ ದಿವೇಹಿ ಭಾಷೆಯ ತಾನ ಲಿಪಿ ಹೇಳಿಕೊಡು ಅಂದೆ. ಹುಡುಗಿ ಚಾಕ್‌ಪೀಸ್ ತಗೊಂಡು ಬೋರ್ಡಿನ ಬಲತುದಿಗೆ ಹೋಗಿ ನಿಂತಳು, ಅಲ್ಲಿಂದ ಎಡಕ್ಕೆ ಬರೆಯುತ್ತಾ ಬಂದಳು. ಹಾ, ಶವಿಯನಿ, ನೂನು, ರಾ, ಬಾ. ಅಕ್ಷರದ ಮೇಲೆ ಕೆಳಗೆ ಚಿಕ್ಕ ಗೀಟು ಎಳೆದರೆ ಸ್ವರ ಬದಲಾಗುತ್ತದೆ, ಥೇಟ್ ನಮ್ಮ ಕಾಗುಣಿತ. ನಾನು ಬರೆದದ್ದಕ್ಕೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಹಾಳೆಯ ಮೂಲೆಯಲ್ಲಿ ಮಾರ್ಕ್ಸ್ ಬರೆದು, ಕೆಳಗೆ ನನ್ನ ಹಾಗೇ ಸಹಿ ಮಾಡಿದಳು. ಮಾರನೇ ದಿನ ಹೋಂವರ್ಕ್ ಮಾಡಿದೀರಾ ಮಿಸ್ ಅಂತ ಕಾರಿಡಾರಿನಲ್ಲೇ ಹಿಡಿದಳು.

ಆಮೇಲೆ ಅವಳ ಅಮ್ಮ ಕರೆಸಿಕೊಂಡರು. ಮನೆಯ ಮುಂದೆ ತೂಗುವ ಉಂದೋಲಿ ಇತ್ತು, ಉಯ್ಯಾಲೆ. ಸಂಜೆ ಅಲ್ಲಿ ಕೂರುವುದು ಅಭ್ಯಾಸವಾಯಿತು. ಮಾತು ಜಾಸ್ತಿ ಇರುತ್ತಿರಲಿಲ್ಲ, ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನ ದಿವೇಹಿಯೂ ಹಾಗೇ. ಆಕೆ ಮೀನು ಸೋಸುತ್ತಿದ್ದರು, ನಾನು ಕಾಂಪೊಸಿಷನ್ ಪುಸ್ತಕ ತಿದ್ದುತ್ತಿದ್ದೆ. ಒಂದು ಸಂಜೆ ಹೋಗದಿದ್ದರೆ ಮಗಳನ್ನು ಕಳಿಸಿ ವಿಚಾರಿಸುತ್ತಿದ್ದರು. ಆರರಿಂದ ಎಂಟರವರೆಗಿನ ಆ ಹೊತ್ತು ಇದೆಯಲ್ಲ, ಒಬ್ಬಳೇ ರೂಮಿನಲ್ಲಿ ವಿಡಿಯೋ ಕಾಲ್ ಹಾಕಿಕೊಂಡು ಕೂರುವುದಕ್ಕಿಂತ ನೀವು ಬರಲಿಲ್ಲ ಅಂತ ಗಮನಿಸುವವರ ಮನೆಯಲ್ಲಿ ಕಳೆಯುವುದು ಎಷ್ಟೋ ಮೇಲು.

ನೀವು ಗಣಿತದವರು, ಅದಕ್ಕೆ ಒಂದು ವಿಷಯ. ತಾನ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿಯಲ್ಲಿ ಬರೆಯುವ 1ರಿಂದ 9ರ ಅಂಕಿಗಳಿಂದ ಬಂದವು. ಮುಂದಿನ ಒಂಬತ್ತು ಆ ದ್ವೀಪಗಳ ಹಳೆಯ ಅಂಕಿಗಳಿಂದ. ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಲಿಪಿ ಬೇರೆಲ್ಲೂ ನಾನು ಕಂಡಿಲ್ಲ. ಅಟಾಲ್‌ಗಳಿಗೂ ಈ ಅಕ್ಷರಗಳ ಹೆಸರೇ, ನಿಮ್ಮ ಲಾಮು ಕೂಡ ಒಂದು ಅಕ್ಷರ. ನಿಮ್ಮ ಏಳನೇ ತರಗತಿಯವರಿಗೆ ಇದನ್ನು ಬೋರ್ಡಿನ ಮೇಲೆ ತೋರಿಸಿ, ಅವರಿಗೇ ಗೊತ್ತಿರುವುದಿಲ್ಲ. ಎಷ್ಟು ಖುಷಿಪಡುತ್ತಾರೆ ನೋಡಿ.

ಕಡಿಮೆ ಆಗುತ್ತಾ ಅಂತ ಕೇಳಿದಿರಿ. ಎರಡನೇ ವರ್ಷದ ನಡುವೆ ನನಗೆ ಕಡಿಮೆ ಆಯಿತು. ಆದರೆ ಮೊದಲ ರಜೆ ಮುಗಿಸಿ ವಾಪಸ್ ಹೋದ ವಾರಗಳಿವೆಯಲ್ಲ, ಅವು ಮೊದಲ ಸಲ ಹೋದಾಗಿನದ್ದಕ್ಕಿಂತ ಕೆಟ್ಟದಾಗಿದ್ದವು. ಮೊದಲ ಸಲ ಎಲ್ಲ ಹೊಸದು, ಕಣ್ಣು ಅದರಲ್ಲೇ ಇರುತ್ತದೆ. ಎರಡನೇ ಸಲ ಹೋಗುವಾಗ ಏನು ಕಾದಿದೆ ಅಂತ ಪೂರ್ತಿ ಗೊತ್ತು. ಜೊತೆಯಲ್ಲಿದ್ದ ಎಷ್ಟೋ ಟೀಚರ್‌ಗಳು ಆ ವಾರಗಳಲ್ಲೇ ರಾಜೀನಾಮೆ ಬರೆದರು. ನಿಮಗೆ ಹಾಗಾದರೆ ಗಾಬರಿ ಆಗಬೇಡಿ, ಆಗ ಯಾವ ತೀರ್ಮಾನವನ್ನೂ ಮಾಡಬೇಡಿ. ಒಂದು ಟರ್ಮ್ ಕಳೆಯಲಿ.

ಅರ್ಧದಲ್ಲಿ_ಬಂದವನು:

ಹಳೇ ಮಿಸ್ ಹೇಳಿದ್ದು ಬಹಳ ಮಟ್ಟಿಗೆ ನಿಜ. ಆದರೆ ಇನ್ನೊಂದು ಕಡೆಯ ಮಾತನ್ನೂ ಯಾರಾದರೂ ಹೇಳಬೇಕು. ನಾನು ಒಪ್ಪಂದ ಮುಗಿಯುವ ಮೊದಲೇ ನೋಟಿಸ್ ಕೊಟ್ಟು ಬಂದೆ. ಬಂದದ್ದು ಸರಿ ಅಂತ ಇವತ್ತಿಗೂ ನಂಬಿದ್ದೇನೆ. ನನಗೆ ನಿದ್ದೆ ಹೋಗಿತ್ತು, ಊಟ ಸೇರುತ್ತಿರಲಿಲ್ಲ, ತರಗತಿಯಲ್ಲಿ ಮಕ್ಕಳ ಹೆಸರು ಮರೆಯುತ್ತಿದ್ದೆ. ಅದು ಬರೀ ಮನೆಯ ನೆನಪಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ನೀವು ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ, ಮಕ್ಕಳ ವಿಷಯ ಬಂದ ಕೂಡಲೇ ನಿಮ್ಮ ಮಾತಿಗೆ ಜೀವ ಬರುತ್ತದೆ. ಆದರೆ ನಿದ್ದೆ ಊಟ ಎರಡೂ ಕೆಟ್ಟರೆ ಸಾಲ, ಒಪ್ಪಂದ ಅಂತ ಕಾಯಬೇಡಿ. ಮೊದಲು ಡಾಕ್ಟರ್. ನೋಟಿಸ್ ಅವಧಿ ಎಷ್ಟು, ಟಿಕೆಟ್ ಯಾರು ಕೊಡಬೇಕು ಅಂತ ಒಪ್ಪಂದದ ಹಾಳೆಯನ್ನು ಆರೋಗ್ಯ ಚೆನ್ನಾಗಿರುವಾಗಲೇ ಒಮ್ಮೆ ಓದಿಟ್ಟುಕೊಳ್ಳಿ.

ರಾ_ಅಟಾಲ್_ಸೈನ್ಸ್:

ನಾನು ಈಗಲೂ ಇಲ್ಲೇ ಇದ್ದೇನೆ, ಉತ್ತರದಲ್ಲಿ. ಟೀಚರ್, ತಿಂಗಳುಗಳಿಗೆ ಗುರುತೇ ಇಲ್ಲ ಅಂದಿರಲ್ಲ, ಬಂದರಿನ ಹತ್ತಿರ ಜೋಲಿಯಲ್ಲಿ ಕೂರುವ ಅಜ್ಜಂದಿರನ್ನು ಕೇಳಿ. ಅವರಿಗೆ ಗುರುತು ಬೇಕಾದಷ್ಟಿದೆ. ವರ್ಷವನ್ನು 27 ನಕೈ ಮಾಡಿ ಇಟ್ಟುಕೊಂಡಿದ್ದಾರೆ, ಒಂದೊಂದೂ 13 ಅಥವಾ 14 ದಿನ. ಏಪ್ರಿಲ್‌ನಲ್ಲಿ ಅಸ್ಸಿದ, ಆಮೇಲೆ ಬುರುನು, ಕೆತಿ, ರೋನು, ಮಿಯಹೆಲಿಯ, ಅದ, ಫುನೋಸ್, ಫುಸ್. ಇದನ್ನು ಓದುತ್ತಿರುವಾಗಲೇ ನಿಮಗೆ ಹೊಳೆದಿರುತ್ತದೆ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ. ನಮ್ಮ ರೈತರು ಮಳೆ ಲೆಕ್ಕ ಹಾಕುವ ನಕ್ಷತ್ರಗಳೇ. ಯಾವ ನಕೈಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಯಾವಾಗ ಮೀನು ಸಿಗುತ್ತದೆ, ಯಾವಾಗ ಕಡಲಿಗೆ ಇಳಿಯಬಾರದು ಅಂತ ಅಜ್ಜಂದಿರು ಹೇಳುತ್ತಾರೆ. ನೈಋತ್ಯ ಮಳೆಗಾಲ ಹುಳಂಗು, ಒಣ ಕಾಲ ಇರುವೈ.

ನನ್ನ ಅಪ್ಪ ಬೇಸಾಯದವರು. ಫೋನಿನಲ್ಲಿ "ಊಟ ಆಯ್ತಾ, ಹುಷಾರು" ಬಿಟ್ಟರೆ ಅವರಿಗೆ ನನ್ನ ಜೊತೆ ಮಾತೇ ಇರುತ್ತಿರಲಿಲ್ಲ. ಈಗ "ನಿಮ್ಮಲ್ಲಿ ರೋಹಿಣಿ ಹೇಗೆ ಹುಯ್ತು, ಅಲ್ಲಿಯ ಮುದುಕರು ಏನಂತಾರೆ" ಅಂತ ಅವರೇ ಕೇಳುತ್ತಾರೆ. ಸಮುದ್ರದ ನಡುವೆ ಇರುವವರು ನಮ್ಮ ನಕ್ಷತ್ರ ನೋಡಿ ದೋಣಿ ಬಿಡುತ್ತಾರೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಗಣಿತ_ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಿಸ್, ನಿಮ್ಮ ಮಾತು ಓದಿ ನಿನ್ನೆಯೇ ಅಮ್ಮನಿಗೆ ಜ್ವರದ ವಿಷಯ ಹೇಳಿದೆ. ಬೈದಳು, ಅತ್ತಳು, ಆಮೇಲೆ ಆಸ್ಪತ್ರೆಯಲ್ಲಿ ಏನೇನು ಟೆಸ್ಟ್ ಮಾಡಿದರು ಅಂತ ಒಂದೊಂದೇ ಕೇಳಿದಳು. ಫೋಟೋ ವಿಷಯ ಅತ್ತಿಗೆಗೆ ಹೇಳಿದ್ದೇನೆ, ಪಾಪ ಅವಳಿಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯ ಮಾಲೀಕರ ತಾಯಿ ದಿನಾ ಸಂಜೆ ಅಂಗಳ ಗುಡಿಸುವಾಗ ಏನೋ ಕೇಳುತ್ತಿರುತ್ತಾರೆ, ಅರ್ಥ ಆಗದೆ ನಕ್ಕು ಒಳಗೆ ಹೋಗುತ್ತಿದ್ದೆ. ಇವತ್ತು ನಿಂತೆ. ಅಡ್ಡು ಸರ್, ಮುಂದಿನ ಶನಿವಾರ ಫೊನಧೂಗೆ ಹೋಗೋಣ ಅಂತ ಕೇರಳದ ಗೆಳತಿಯನ್ನು ಒಪ್ಪಿಸಿದ್ದೇನೆ.

ತಾನ ಲಿಪಿ ಕಲಿಯಲು ಯಾವ ಪುಸ್ತಕ ತಗೊಳ್ಳಲಿ ಮಿಸ್? ಇಲ್ಲಿನ ಅಂಗಡಿಯಲ್ಲಿ ಬರೀ ನೋಟ್‌ಬುಕ್ ಸಿಗುತ್ತದೆ.

ಹಳೇ_ಮಿಸ್:

ಕೊಳ್ಳಬೇಡಿ. ಒಂದನೇ ತರಗತಿಯ ದಿವೇಹಿ ಪುಸ್ತಕವನ್ನು ನಿಮ್ಮ ಶಾಲೆಯ ದಿವೇಹಿ ಟೀಚರ್ ಹತ್ತಿರ ಕೇಳಿ, ಹಳೆಯದೊಂದು ಇದ್ದೇ ಇರುತ್ತದೆ. ಬರೆಯಲು ಕೆಟ್ಟ ನೋಟ್‌ಬುಕ್ ಸಾಕು, ಆದರೆ ಹಿಂದಿನ ಪುಟದಿಂದ ಶುರು ಮಾಡಿ. ಮತ್ತೆ ಆ ಅಜ್ಜಿ ಏನು ಕೇಳುತ್ತಿದ್ದರು ಅಂತ ಗೊತ್ತಾದರೆ ಇಲ್ಲಿ ಬರೆಯಿರಿ.